ವಿದ್ಯುತ್ ಚಾಲಿತ ಕಾರಿಗೆ ಚಕ್ರದ ಅಳತೆಯ ಆಯ್ಕೆ: ಪ್ರಯಾಣದ ಸುಖ ಮತ್ತು ಕ್ರಮಿಸುವ ದೂರದ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ವಿದ್ಯುತ್ ಚಾಲಿತ ಕಾರನ್ನು ಖರೀದಿಸುವ ನಾಗರಿಕರು ಸಾಮಾನ್ಯವಾಗಿ ಬೆಲೆ, ಬ್ಯಾಟರಿಯ ಸಾಮರ್ಥ್ಯ, ಚಾರ್ಜಿಂಗ್ ಸೌಲಭ್ಯ ಮತ್ತು ಖಾತರಿಯ ಅವಧಿಯನ್ನು ವಿಚಾರಿಸುತ್ತಾರೆ. ಚಕ್ರದ ಅಳತೆಯನ್ನು ವಿಚಾರಿಸುವವರು ವಿರಳ. ಒಂದೇ ಮಾದರಿಯ ಕಾರು ಬೇರೆ ಬೇರೆ ಆವೃತ್ತಿಗಳಲ್ಲಿ ಬೇರೆ ಬೇರೆ ಅಳತೆಯ ಚಕ್ರಗಳೊಂದಿಗೆ ದೊರೆಯುತ್ತದೆ. ಬೆಲೆ ಹೆಚ್ಚಿದಂತೆ ಚಕ್ರವೂ ದೊಡ್ಡದಾಗುವುದು ವಾಡಿಕೆ. ನೋಟಕ್ಕೆ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ದೊಡ್ಡ ಚಕ್ರದ ಆವೃತ್ತಿಯನ್ನು ಆರಿಸಿಕೊಂಡು, ಆನಂತರ ಒಮ್ಮೆ ಚಾರ್ಜ್ ಮಾಡಿದರೆ ಕ್ರಮಿಸುವ ದೂರ ಕಡಿಮೆಯಾಯಿತೆಂದು, ಹಿಂದಿನ ಆಸನದಲ್ಲಿ ಕುಳಿತ ಹಿರಿಯರಿಗೆ ಕುಲುಕಾಟ ಹೆಚ್ಚಾಯಿತೆಂದು ಚಿಂತಿಸುವವರು ಇದ್ದಾರೆ.

ಬ್ಯಾಟರಿಯನ್ನು ಖರೀದಿಯ ನಂತರ ಬದಲಿಸುವುದು ಹೇಗೆ ಸುಲಭವಲ್ಲವೋ, ಹಾಗೆಯೇ ಚಕ್ರದ ಅಳತೆಯನ್ನು ಬದಲಿಸುವುದೂ ಸುಲಭವಲ್ಲ. ಅದಕ್ಕೆ ವೆಚ್ಚವೂ ಉಂಟು, ಕಾನೂನಿನ ಮಿತಿಯೂ ಉಂಟು. ಆದುದರಿಂದ ಈ ವಿಷಯವನ್ನು ಮುಂಗಡ ಹಣ ಪಾವತಿಸುವ ಮೊದಲೇ ತೀರ್ಮಾನಿಸಿಕೊಳ್ಳುವುದು ಸೂಕ್ತ. ಈ ಪುಟದಲ್ಲಿ ಚಕ್ರದ ಅಳತೆಯು ಪ್ರಯಾಣದ ಸುಖದ ಮೇಲೆ ಹಾಗೂ ಕ್ರಮಿಸುವ ದೂರದ ಮೇಲೆ ಉಂಟುಮಾಡುವ ಪರಿಣಾಮ, ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು ಮತ್ತು ಅನ್ವಯವಾಗುವ ನಿಯಮಗಳನ್ನು ಸರಳವಾಗಿ ವಿವರಿಸಲಾಗಿದೆ.

2. ಟೈರಿನ ಮೇಲಿನ ಅಂಕಿಗಳನ್ನು ಓದುವ ಕ್ರಮ

ಪ್ರತಿ ಟೈರಿನ ಪಕ್ಕದಲ್ಲಿ ಅದರ ಅಳತೆಯನ್ನು ಅಚ್ಚು ಹಾಕಿರುತ್ತಾರೆ. ಉದಾಹರಣೆಗೆ, ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಟೈರಿನ ಅಳತೆ 215/60 ಆರ್ 16. ಇದರ ಅರ್ಥ ಈ ಕೆಳಕಂಡಂತಿದೆ.

(ಅ) 215 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ.

(ಆ) 60 ಎಂಬುದು ಟೈರಿನ ಪಾರ್ಶ್ವದ, ಅಂದರೆ ಸೈಡ್‌ವಾಲ್‌ನ ಎತ್ತರ. ಇದನ್ನು ಅಗಲದ ಶೇಕಡಾವಾರಿನಲ್ಲಿ ಹೇಳಲಾಗುತ್ತದೆ. 215ರ ಶೇ. 60 ಎಂದರೆ 129 ಮಿ.ಮೀ.

(ಇ) ಆರ್ ಎಂಬ ಅಕ್ಷರವು ಟೈರು ರೇಡಿಯಲ್ ರಚನೆಯದೆಂದು ಸೂಚಿಸುತ್ತದೆ.

(ಈ) 16 ಎಂಬುದು ಟೈರು ಕೂರುವ ರಿಮ್‌ನ ವ್ಯಾಸ, ಇಂಚುಗಳಲ್ಲಿ.

ರಿಮ್‌ನ ವ್ಯಾಸಕ್ಕೆ ಮೇಲೆ ಮತ್ತು ಕೆಳಗೆ ಸೈಡ್‌ವಾಲ್‌ನ ಎತ್ತರವನ್ನು ಕೂಡಿಸಿದರೆ ಚಕ್ರದ ಒಟ್ಟು ವ್ಯಾಸ ದೊರೆಯುತ್ತದೆ. ಮೇಲಿನ ಟೈರಿಗೆ ಅದು ಸುಮಾರು 664 ಮಿ.ಮೀ.

ಸಾರ್ವಜನಿಕರು ಮುಖ್ಯವಾಗಿ ಗಮನಿಸಬೇಕಾದುದು ಇಷ್ಟು: ಮಾರಾಟ ಮಳಿಗೆಯಲ್ಲಿ "ದೊಡ್ಡ ಚಕ್ರ" ಎಂದು ಹೇಳುವಾಗ ಸಾಮಾನ್ಯವಾಗಿ ರಿಮ್ ದೊಡ್ಡದು ಎಂದಷ್ಟೇ ಅರ್ಥ. ಒಟ್ಟು ವ್ಯಾಸವು ಬಹುಮಟ್ಟಿಗೆ ಅಷ್ಟೇ ಇರುತ್ತದೆ. ಏಕೆಂದರೆ ಕಾರಿನ ಚಕ್ರದ ಗೂಡು, ವೇಗಮಾಪಕ ಮತ್ತು ಬ್ರೇಕ್ ವ್ಯವಸ್ಥೆ ಎಲ್ಲವೂ ಒಂದು ನಿರ್ದಿಷ್ಟ ವ್ಯಾಸಕ್ಕೆ ಹೊಂದಿಕೊಂಡಿರುತ್ತವೆ. ಆದುದರಿಂದ ರಿಮ್ ಎಷ್ಟು ಹಿಗ್ಗುತ್ತದೆಯೋ ರಬ್ಬರಿನ ಎತ್ತರ ಅಷ್ಟು ಕುಗ್ಗಬೇಕಾಗುತ್ತದೆ.

ಮಹೀಂದ್ರ ಬಿ.ಇ. 6 ಕಾರಿನ ಚಕ್ರಗಳು ಇದಕ್ಕೆ ಉತ್ತಮ ನಿದರ್ಶನ. ಅದರ ಮೂರು ಅಳತೆಗಳೆಂದರೆ 245/60 ಆರ್ 18, 245/55 ಆರ್ 19 ಮತ್ತು 245/50 ಆರ್ 20. ಮೂರರ ಒಟ್ಟು ವ್ಯಾಸವೂ 751ರಿಂದ 753 ಮಿ.ಮೀ. ಒಳಗೇ ಇದೆ. ಆದರೆ ಸೈಡ್‌ವಾಲ್‌ನ ಎತ್ತರ ಮಾತ್ರ 147 ಮಿ.ಮೀ. ಇದ್ದದ್ದು 135ಕ್ಕೆ, ಅಲ್ಲಿಂದ ಸುಮಾರು 122 ಮಿ.ಮೀ.ಗೆ ಇಳಿಯುತ್ತದೆ. ಅಂದರೆ ರಸ್ತೆ ಮತ್ತು ರಿಮ್‌ನ ನಡುವೆ ಇರುವ ಗಾಳಿಯ ಮೆತ್ತೆ ಸುಮಾರು ಒಂದು ಇಂಚಿನಷ್ಟು ತೆಳುವಾಗುತ್ತದೆ.

3. ಪ್ರಯಾಣದ ಸುಖದ ಮೇಲೆ ಆಗುವ ಪರಿಣಾಮ

ರಸ್ತೆಯ ಉಬ್ಬುತಗ್ಗುಗಳನ್ನು ಮೊದಲು ಎದುರಿಸುವುದು ಟೈರು. ಅದು ತಾಳಿಕೊಳ್ಳಲಾಗದ ಆಘಾತವು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳಿಗೆ ಹೋಗುತ್ತದೆ. ಅವುಗಳನ್ನೂ ಮೀರಿದುದು ಕುಳಿತವರ ಬೆನ್ನುಮೂಳೆಗೆ ತಲುಪುತ್ತದೆ. ಸಣ್ಣ ಕಲ್ಲು, ಸೇತುವೆಯ ಸಂದು, ಒರಟು ಡಾಂಬರು, ಕಾಂಕ್ರೀಟ್ ರಸ್ತೆಯ ಗೆರೆಗಳು ಮುಂತಾದ ಚಿಕ್ಕ ಮತ್ತು ತೀಕ್ಷ್ಣ ಆಘಾತಗಳನ್ನು ಹೀರಿಕೊಳ್ಳುವ ಕೆಲಸ ಬಹುಪಾಲು ಸೈಡ್‌ವಾಲ್‌ನದು. ಅದು ಎತ್ತರವಾಗಿದ್ದಷ್ಟೂ ಹೆಚ್ಚು ಬಾಗುತ್ತದೆ, ಹೆಚ್ಚು ಹೀರಿಕೊಳ್ಳುತ್ತದೆ.

ವಿದ್ಯುತ್ ಕಾರುಗಳಲ್ಲಿ ಈ ಅಂಶಕ್ಕೆ ಮೂರು ಕಾರಣಗಳಿಂದ ಹೆಚ್ಚಿನ ಮಹತ್ವವಿದೆ.

ಮೊದಲನೆಯದು ತೂಕ. ಬ್ಯಾಟರಿಯ ಕಾರಣದಿಂದ ವಿದ್ಯುತ್ ಕಾರು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಭಾರವಾಗಿರುತ್ತದೆ. ಆ ಭಾರವನ್ನು ಹೊರಲು ಸ್ಪ್ರಿಂಗ್‌ಗಳನ್ನು ಬಿಗಿಯಾಗಿ ರೂಪಿಸಲಾಗುತ್ತದೆ, ಟೈರಿನ ಗಾಳಿಯ ಒತ್ತಡವನ್ನೂ ಹೆಚ್ಚಾಗಿ ನಿಗದಿಪಡಿಸಲಾಗುತ್ತದೆ. ಇವೆರಡೂ ಸವಾರಿಯನ್ನು ಗಡುಸಾಗಿಸುವಂಥವು. ಇದರ ಮೇಲೆ ಸೈಡ್‌ವಾಲ್ ಕೂಡ ತೆಳುವಾದರೆ ಗಡುಸುತನ ಇಮ್ಮಡಿಸಿದಂತೆ ಭಾಸವಾಗುತ್ತದೆ.

ಎರಡನೆಯದು ಶಬ್ದ. ಪೆಟ್ರೋಲ್ ಅಥವಾ ಡೀಸೆಲ್ ಕಾರಿನಲ್ಲಿ ಎಂಜಿನ್ನಿನ ಸದ್ದು ಟೈರಿನ ಸದ್ದನ್ನು ಮುಚ್ಚಿಹಾಕುತ್ತದೆ. ವಿದ್ಯುತ್ ಕಾರಿನಲ್ಲಿ ಎಂಜಿನ್ ಇಲ್ಲ. ಆದುದರಿಂದ ಒರಟು ರಸ್ತೆಯಲ್ಲಿ ಟೈರಿನ ಗುಂಯ್‌ಗುಡುವಿಕೆಯೇ ಪ್ರಧಾನವಾಗಿ ಕೇಳಿಸುತ್ತದೆ. ಅಗಲ ಹೆಚ್ಚಾಗಿ ಸೈಡ್‌ವಾಲ್ ಕಡಿಮೆಯಾದ ಟೈರುಗಳಲ್ಲಿ ಸಾಮಾನ್ಯವಾಗಿ ಈ ಶಬ್ದ ಹೆಚ್ಚು. ಇದನ್ನು ತಗ್ಗಿಸಲು ಕೆಲವು ಟೈರುಗಳ ಒಳಭಾಗದಲ್ಲಿ ಫೋಮ್ ಪಟ್ಟಿಯನ್ನು ಅಂಟಿಸಿರುತ್ತಾರೆ. ಅಂತಹ ಟೈರುಗಳಿಗೆ ಬೆಲೆಯೂ ಹೆಚ್ಚು, ಪಂಕ್ಚರ್ ದುರಸ್ತಿಯೂ ಸ್ವಲ್ಪ ತೊಡಕಿನದು.

ಮೂರನೆಯದು ಸ್ಪ್ರಿಂಗ್‌ನ ಕೆಳಗಿನ ತೂಕ. ಚಕ್ರ, ಟೈರು, ಬ್ರೇಕ್ ಮುಂತಾದವುಗಳನ್ನು ಸ್ಪ್ರಿಂಗ್ ಹೊರುವುದಿಲ್ಲ. ಅವು ರಸ್ತೆಯೊಂದಿಗೇ ಮೇಲೆ ಕೆಳಗೆ ಜಿಗಿಯುತ್ತವೆ. ಈ ಭಾಗ ಭಾರವಾದಷ್ಟೂ ಅದರ ಜಿಗಿತವನ್ನು ಹತೋಟಿಯಲ್ಲಿಡುವುದು ಕಷ್ಟ. ದೊಡ್ಡ ರಿಮ್ ಸಾಮಾನ್ಯವಾಗಿ ಚಿಕ್ಕದಕ್ಕಿಂತ ಭಾರವಾಗಿರುತ್ತದೆ. ಮಿಶ್ರಲೋಹದ ಚಕ್ರ ಎಂದಾಕ್ಷಣ ಅದು ಹಗುರವೆಂದು ಭಾವಿಸುವುದು ಸರಿಯಲ್ಲ. ಅಳತೆ ಹೆಚ್ಚಿದಂತೆ ಅದರ ತೂಕವೂ ಹೆಚ್ಚುತ್ತದೆ.

ಸುಖದ ಜೊತೆಗೆ ಬಾಳಿಕೆಯ ಪ್ರಶ್ನೆಯೂ ಇದೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಚಾಲಕರಿಗೆ ತಿಳಿಯುವುದಿಲ್ಲ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಎತ್ತರದ ಸೈಡ್‌ವಾಲ್ ಬಾಗಿ ರಿಮ್‌ಅನ್ನು ರಕ್ಷಿಸುತ್ತದೆ. ಸೈಡ್‌ವಾಲ್ ತೆಳುವಾಗಿದ್ದರೆ ಅದು ರಿಮ್ ಮತ್ತು ಗುಂಡಿಯ ಅಂಚಿನ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ನೂಲಿನ ಪದರ ತುಂಡಾಗಿ ಟೈರಿನ ಪಕ್ಕದಲ್ಲಿ ಗುಳ್ಳೆಯಂತೆ ಊದಿಕೊಳ್ಳುತ್ತದೆ, ಇಲ್ಲವೇ ರಿಮ್ ಸೊಟ್ಟಗಾಗುತ್ತದೆ. ಊದಿಕೊಂಡ ಟೈರನ್ನು ದುರಸ್ತಿ ಮಾಡಲು ಬರುವುದಿಲ್ಲ, ಬದಲಿಸಲೇಬೇಕು. ಅದೇ ಸ್ಥಿತಿಯಲ್ಲಿ ಹೆದ್ದಾರಿಯಲ್ಲಿ ಚಲಾಯಿಸುವುದು ಪ್ರಾಣಾಪಾಯಕ್ಕೆ ಆಸ್ಪದ ನೀಡುತ್ತದೆ.

ಮತ್ತೊಂದು ಅಂಶ: 2020ರಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ಮಾಡಲಾದ ತಿದ್ದುಪಡಿಯಂತೆ, ಟ್ಯೂಬ್‌ರಹಿತ ಟೈರು, ಗಾಳಿಯ ಒತ್ತಡ ಸೂಚಕ ವ್ಯವಸ್ಥೆ ಮತ್ತು ಪಂಕ್ಚರ್ ದುರಸ್ತಿ ಕಿಟ್ ಇರುವ ಕಾರುಗಳಿಗೆ ಹೆಚ್ಚುವರಿ ಚಕ್ರ, ಅಂದರೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಥಳಾವಕಾಶದ ಕಾರಣ ಹಲವು ವಿದ್ಯುತ್ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ದುರಸ್ತಿ ಕಿಟ್ ಮೊಳೆ ಚುಚ್ಚಿದ ಸಣ್ಣ ರಂಧ್ರವನ್ನು ಮುಚ್ಚಬಲ್ಲದು. ಸೈಡ್‌ವಾಲ್ ಹರಿದರೆ ಅದರಿಂದ ಪ್ರಯೋಜನವಿಲ್ಲ. ರಾತ್ರಿ ವೇಳೆ ಘಟ್ಟದ ರಸ್ತೆಯಲ್ಲಿ ಹೀಗಾದರೆ ವಾಹನವನ್ನು ಎತ್ತಿಸಿಕೊಂಡು ಹೋಗುವುದೊಂದೇ ದಾರಿ. ಸ್ಟೆಪ್ನಿ ಇಲ್ಲದ ಕಾರನ್ನು ಆರಿಸಿಕೊಳ್ಳುವವರು ಎತ್ತರದ ಸೈಡ್‌ವಾಲ್ ಇರುವ ಟೈರಿಗೆ ಆದ್ಯತೆ ನೀಡುವುದು ವಿವೇಕಯುತ.

4. ಕ್ರಮಿಸುವ ದೂರದ ಮೇಲೆ ಆಗುವ ಪರಿಣಾಮ

ಸಮತಟ್ಟಾದ ರಸ್ತೆಯಲ್ಲಿ ಸಮವೇಗದಿಂದ ಸಾಗುವ ಕಾರು ಮುಖ್ಯವಾಗಿ ಎರಡು ಪ್ರತಿರೋಧಗಳನ್ನು ಎದುರಿಸುತ್ತದೆ. ಒಂದು, ಟೈರಿನ ಉರುಳು ಘರ್ಷಣೆ. ಇನ್ನೊಂದು, ಗಾಳಿಯ ತಡೆ. ಚಕ್ರದ ಆಯ್ಕೆಯು ಇವೆರಡನ್ನೂ ಬದಲಿಸುತ್ತದೆ.

(ಅ) ಉರುಳು ಘರ್ಷಣೆ: ಚಕ್ರ ಉರುಳುವಾಗ ನೆಲಕ್ಕೆ ತಾಗುವ ರಬ್ಬರು ಚಪ್ಪಟೆಯಾಗಿ ಮತ್ತೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಈ ಕ್ರಿಯೆಯಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ವ್ಯಯವಾಗುತ್ತದೆ. ಇದನ್ನು ಪ್ರತಿ ಟನ್ ಭಾರಕ್ಕೆ ಎಷ್ಟು ಕಿಲೋ ಬಲ ಬೇಕು ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಪ್ರಯಾಣಿಕರೂ ಸೇರಿ 1,600 ಕಿ.ಗ್ರಾಂ ತೂಗುವ ಕಾರನ್ನು ಉದಾಹರಣೆಯಾಗಿ ಪರಿಗಣಿಸೋಣ. ಟನ್ನಿಗೆ 8 ಕಿಲೋ ಘರ್ಷಣೆಯ ಮಿತವ್ಯಯಿ ಟೈರುಗಳಿದ್ದರೆ ಸುಮಾರು 13 ಕಿಲೋ ಬಲ ಸಾಕು. ಟನ್ನಿಗೆ 10 ಕಿಲೋ ಘರ್ಷಣೆಯ ಟೈರುಗಳಿದ್ದರೆ 16 ಕಿಲೋ ಬೇಕು. 100 ಕಿ.ಮೀ. ಸಾಗಿದಾಗ ಈ ವ್ಯತ್ಯಾಸವು, ಮೋಟಾರಿನಲ್ಲಾಗುವ ನಷ್ಟವೂ ಸೇರಿ, ಸುಮಾರು ಒಂದು ಯೂನಿಟ್ ವಿದ್ಯುತ್ತಿಗೆ ಸಮ. 100 ಕಿ.ಮೀ.ಗೆ 15 ಯೂನಿಟ್ ಬಳಸುವ ಕಾರು 16 ಯೂನಿಟ್ ಬಳಸುವಂತಾಗುತ್ತದೆ. 40 ಯೂನಿಟ್ ಬಳಕೆಗೆ ದೊರೆಯುವ ಬ್ಯಾಟರಿಯಲ್ಲಿ ಮೊದಲನೆಯದು ಸುಮಾರು 266 ಕಿ.ಮೀ., ಎರಡನೆಯದು 250 ಕಿ.ಮೀ. ಸಾಗುತ್ತದೆ.

ಉರುಳು ಘರ್ಷಣೆ ರಿಮ್‌ನ ಅಳತೆಯನ್ನಷ್ಟೇ ಅವಲಂಬಿಸಿಲ್ಲ. ರಬ್ಬರಿನ ಮಿಶ್ರಣ, ಟೈರಿನ ರಚನೆ, ಗಾಳಿಯ ಒತ್ತಡ ಇವು ಅದನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಆದರೆ ದೊಡ್ಡ ರಿಮ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಹೆಚ್ಚು ಅಗಲದ, ಹಿಡಿತಕ್ಕೆ ಆದ್ಯತೆ ನೀಡಿದ ಟೈರುಗಳನ್ನು ಜೋಡಿಸುತ್ತಾರೆ. ನಷ್ಟದ ಒಂದು ಪಾಲು ಅಲ್ಲಿಂದ ಬರುತ್ತದೆ.

(ಆ) ಗಾಳಿಯ ತಡೆ: ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಮಧ್ಯಮ ಗಾತ್ರದ ಒಂದು ಕಾರಿಗೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಸುಮಾರು 8 ಕಿಲೋ ಇರುವ ತಡೆಯು 100 ಕಿ.ಮೀ. ವೇಗದಲ್ಲಿ ಸುಮಾರು 33 ಕಿಲೋ ಆಗುತ್ತದೆ. ಕಾರಿನ ಒಟ್ಟು ಗಾಳಿಯ ತಡೆಯಲ್ಲಿ ಸರಿಸುಮಾರು ನಾಲ್ಕನೆಯ ಒಂದು ಭಾಗ ಚಕ್ರ ಮತ್ತು ಚಕ್ರದ ಗೂಡುಗಳಿಂದಲೇ ಬರುತ್ತದೆ. ಅಗಲವಾದ ಟೈರು ಗಾಳಿಗೆ ಹೆಚ್ಚು ಎದೆಯೊಡ್ಡುತ್ತದೆ. ವಿಶಾಲ ಕಿಂಡಿಗಳಿರುವ ದೊಡ್ಡ ರಿಮ್ ಗಾಳಿಯನ್ನು ಬೀಸಣಿಗೆಯಂತೆ ಕದಡುತ್ತದೆ. ಸಮತಟ್ಟಾದ, ಕಿಂಡಿಗಳು ಕಡಿಮೆಯಿರುವ ಚಕ್ರ ಅಥವಾ ಅದರ ಮೇಲಿನ ಮುಚ್ಚಳ ಗಾಳಿಯನ್ನು ನಯವಾಗಿ ಹಾಯಿಸುತ್ತದೆ.

ಇದರಿಂದ ತಿಳಿಯುವುದೇನೆಂದರೆ, ನಗರದೊಳಗಿನ ನಿಧಾನ ಸಂಚಾರದಲ್ಲಿ ಟೈರಿನ ಗುಣ ಮುಖ್ಯ. ಹೆದ್ದಾರಿಯಲ್ಲಿ ಅದರೊಂದಿಗೆ ಚಕ್ರದ ಅಗಲ ಮತ್ತು ಆಕಾರವೂ ಮುಖ್ಯ.

(ಇ) ತೂಕ: ಭಾರವಾದ ಚಕ್ರವನ್ನು ವೇಗಕ್ಕೆ ತರಲು ಹೆಚ್ಚು ಶಕ್ತಿ ಬೇಕೆಂಬುದು ನಿಜ. ಆದರೆ ವಿದ್ಯುತ್ ಕಾರಿನಲ್ಲಿ ವೇಗ ತಗ್ಗಿಸುವಾಗ ಆ ಶಕ್ತಿಯ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ. ಹೀಗಾಗಿ ತೂಕದಿಂದಾಗುವ ನಷ್ಟವು ಮೇಲಿನ ಎರಡು ಕಾರಣಗಳಷ್ಟು ದೊಡ್ಡದಲ್ಲ.

5. ಅಧಿಕೃತ ಪರೀಕ್ಷೆಗಳಲ್ಲಿ ಕಂಡುಬಂದ ವ್ಯತ್ಯಾಸ

ಒಂದೇ ಕಾರಿಗೆ ಚಕ್ರದ ಅಳತೆಗೆ ಅನುಸಾರವಾಗಿ ಪ್ರತ್ಯೇಕ ಅಂಕಿಗಳು ಪ್ರಕಟವಾಗಿರುವ ಎರಡು ನಿದರ್ಶನಗಳನ್ನು ಇಲ್ಲಿ ನೀಡಲಾಗಿದೆ. ಇವು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂಕಿಗಳಾಗಿದ್ದು, ಮೈಲಿಗಳನ್ನು ಕಿಲೋಮೀಟರುಗಳಿಗೆ ಪರಿವರ್ತಿಸಲಾಗಿದೆ.

ನಿದರ್ಶನ 1: ಹುಂಡೈ ಅಯಾನಿಕ್ 6, 2023ರ ಮಾದರಿ, ಹಿಂಚಕ್ರ ಚಾಲನೆ, 77.4 ಯೂನಿಟ್ ಬ್ಯಾಟರಿ.
18 ಇಂಚಿನ ಚಕ್ರ (225/55 ಆರ್ 18): 361 ಮೈಲಿ, ಅಂದರೆ ಸುಮಾರು 581 ಕಿ.ಮೀ.
20 ಇಂಚಿನ ಚಕ್ರ (245/40 ಆರ್ 20): 305 ಮೈಲಿ, ಅಂದರೆ ಸುಮಾರು 491 ಕಿ.ಮೀ.
ವ್ಯತ್ಯಾಸ: ಸುಮಾರು 90 ಕಿ.ಮೀ., ಶೇ. 15ಕ್ಕೂ ಹೆಚ್ಚು.

ನಿದರ್ಶನ 2: ಟೆಸ್ಲಾ ಮಾಡೆಲ್ 3, 2024ರ ಮಾದರಿ, ನಾಲ್ಕು ಚಕ್ರ ಚಾಲನೆಯ ದೀರ್ಘ ವ್ಯಾಪ್ತಿಯ ಆವೃತ್ತಿ.
18 ಇಂಚಿನ ಚಕ್ರ (235/45 ಆರ್ 18): 341 ಮೈಲಿ, ಅಂದರೆ ಸುಮಾರು 549 ಕಿ.ಮೀ.
19 ಇಂಚಿನ ಚಕ್ರ (235/40 ಆರ್ 19): 305 ಮೈಲಿ, ಅಂದರೆ ಸುಮಾರು 491 ಕಿ.ಮೀ.
ವ್ಯತ್ಯಾಸ: ಸುಮಾರು 58 ಕಿ.ಮೀ., ಶೇ. 10ಕ್ಕೂ ಹೆಚ್ಚು.

ಈ ಎರಡು ಕಾರುಗಳಲ್ಲೂ ಬ್ಯಾಟರಿ ಅದೇ, ಮೋಟಾರು ಅದೇ, ಚಕ್ರದ ಒಟ್ಟು ವ್ಯಾಸವೂ ಹೆಚ್ಚುಕಡಿಮೆ ಅದೇ. ಮೊದಲನೆಯದರಲ್ಲಿ ಟೈರಿನ ಅಗಲ 20 ಮಿ.ಮೀ. ಹೆಚ್ಚಾಗಿದೆ. ಎರಡನೆಯದರಲ್ಲಿ ಅಗಲವೂ ಬದಲಾಗಿಲ್ಲ, ಆದರೂ ನಷ್ಟ ಕಂಡುಬಂದಿದೆ. ರಿಮ್‌ನ ಆಕಾರ ಮತ್ತು ಟೈರಿನ ತಳಿ ಎಷ್ಟು ಮುಖ್ಯವೆಂಬುದನ್ನು ಇದು ತೋರಿಸುತ್ತದೆ. ಉನ್ನತ ಆವೃತ್ತಿಗಳಲ್ಲಿರುವ ಇತರ ಸಲಕರಣೆಗಳ ತೂಕವೂ ಇಂತಹ ಅಂಕಿಗಳಲ್ಲಿ ಅಲ್ಪ ಪ್ರಮಾಣದಲ್ಲಿ ಸೇರಿರಬಹುದು. ಎಲ್ಲ ಕಾರುಗಳಲ್ಲಿಯೂ ವ್ಯತ್ಯಾಸ ಇಷ್ಟೇ ಇರುತ್ತದೆಂದು ಭಾವಿಸಬಾರದು.

6. ಘೋಷಿತ ದೂರ ಮತ್ತು ವಾಸ್ತವ ದೂರ

ನಮ್ಮ ದೇಶದಲ್ಲಿ ಕಾರು ತಯಾರಕರು ಪ್ರಕಟಿಸುವ ದೂರವು ಎಂ.ಐ.ಡಿ.ಸಿ. ಎಂಬ ನಿಗದಿತ ಪ್ರಯೋಗಾಲಯ ಪರೀಕ್ಷೆಯನ್ನು ಆಧರಿಸಿದೆ. ಈ ಪರೀಕ್ಷೆಯ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಮಾತ್ರ, ಹೆಚ್ಚಿನ ಭಾಗ ನಗರ ಸಂಚಾರದಂತಹ ಕಡಿಮೆ ವೇಗದ್ದು. ಆದುದರಿಂದ ಹೆದ್ದಾರಿಯಲ್ಲಿ ಸತತವಾಗಿ ಸಾಗುವಾಗ ದೊರೆಯುವ ದೂರ ಇದಕ್ಕಿಂತ ಗಣನೀಯವಾಗಿ ಕಡಿಮೆ ಇರುತ್ತದೆ. ಘೋಷಿತ ಅಂಕಿಯನ್ನು ಒಂದು ಕಾರನ್ನು ಇನ್ನೊಂದಕ್ಕೆ ಹೋಲಿಸಲು ಬಳಸಬೇಕೇ ಹೊರತು ಪ್ರಯಾಣದ ಯೋಜನೆಗೆ ಅಲ್ಲ. ಘೋಷಿತ ಅಂಕಿಯು ಯಾವ ಆವೃತ್ತಿಯ, ಯಾವ ಅಳತೆಯ ಚಕ್ರದ ಕಾರಿಗೆ ಸಂಬಂಧಿಸಿದ್ದು ಎಂಬುದನ್ನು ಮಾರಾಟಗಾರರಿಂದ ಕೇಳಿ ತಿಳಿದುಕೊಳ್ಳುವುದು ಖರೀದಿದಾರರಿಗೆ ಹಿತಕರ.

ಶೇ. 10ರ ವ್ಯತ್ಯಾಸ ಕಾಗದದ ಮೇಲೆ ಅಲ್ಪವೆನಿಸಬಹುದು. ಒಂದು ಪ್ರಯಾಣವನ್ನು ಪರಿಗಣಿಸಿ. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಕಡೂರು ಮಾರ್ಗವಾಗಿ ಶಿವಮೊಗ್ಗಕ್ಕೆ ಸುಮಾರು 300 ಕಿ.ಮೀ. ಒಂದು ಕಾರು ಹೆದ್ದಾರಿಯಲ್ಲಿ ವಾಸ್ತವವಾಗಿ 350 ಕಿ.ಮೀ. ಸಾಗಬಲ್ಲದು ಎಂದಿಟ್ಟುಕೊಳ್ಳೋಣ. ಸುರಕ್ಷತೆಗಾಗಿ 40 ಕಿ.ಮೀ. ಬಾಕಿ ಉಳಿಸಿಕೊಂಡರೂ 310 ಕಿ.ಮೀ. ಬಳಕೆಗೆ ದೊರೆಯುತ್ತದೆ, ಊರು ತಲುಪಬಹುದು. ಅದೇ ಕಾರು ಚಕ್ರದ ಕಾರಣದಿಂದ ಶೇ. 10ರಷ್ಟು ಕಳೆದುಕೊಂಡರೆ 315 ಕಿ.ಮೀ. ಮಾತ್ರ ಸಾಗುತ್ತದೆ. ಬಾಕಿ ಕಳೆದು ಉಳಿಯುವುದು 275 ಕಿ.ಮೀ. ಈಗ ಮಾರ್ಗಮಧ್ಯದಲ್ಲಿ ಚಾರ್ಜಿಂಗ್ ಅನಿವಾರ್ಯ. ಆ ಕೇಂದ್ರ ಕೆಟ್ಟಿದ್ದರೆ ಅಥವಾ ಅಲ್ಲಿ ಸರದಿ ಇದ್ದರೆ ಕಾಯಬೇಕು. ತುರ್ತು ಚಿಕಿತ್ಸೆಗೋ ಪರೀಕ್ಷೆಗೋ ಹೊರಟವರಿಗೆ ಆ ಒಂದು ಗಂಟೆ ಸಣ್ಣದಲ್ಲ. ಬ್ಯಾಟರಿಯ ಸಾಮರ್ಥ್ಯ ವರ್ಷಗಳು ಕಳೆದಂತೆ ಕ್ರಮೇಣ ತಗ್ಗುವುದರಿಂದ, ಆರಂಭದಲ್ಲಿ ಕಳೆದುಕೊಂಡ ದೂರವು ಮುಂದೆ ಇನ್ನಷ್ಟು ಬಾಧಿಸುತ್ತದೆ.

7. ದೊಡ್ಡ ಚಕ್ರದಿಂದ ದೊರೆಯುವ ಅನುಕೂಲಗಳು

ದೊಡ್ಡ ರಿಮ್‌ನಿಂದ ಪ್ರಯೋಜನವೇ ಇಲ್ಲವೆಂದು ತಿಳಿಯಬಾರದು. ಸೈಡ್‌ವಾಲ್ ಕಡಿಮೆ ಇರುವ ಟೈರು ತಿರುವಿನಲ್ಲಿ ಕಡಿಮೆ ಓಲಾಡುತ್ತದೆ, ಸ್ಟಿಯರಿಂಗ್‌ಗೆ ಬೇಗ ಸ್ಪಂದಿಸುತ್ತದೆ. ಅಗಲವಾದ ಉತ್ತಮ ಟೈರು ಒಣ ರಸ್ತೆಯಲ್ಲಿ ಹೆಚ್ಚು ಹಿಡಿತ ನೀಡುತ್ತದೆ. ಹೆಚ್ಚು ಶಕ್ತಿಯ ಭಾರವಾದ ಕಾರುಗಳಿಗೆ ದೊಡ್ಡ ಬ್ರೇಕ್‌ಗಳು ಅವಶ್ಯ, ಅವುಗಳಿಗೆ ದೊಡ್ಡ ರಿಮ್‌ನ ಒಳಗೇ ಜಾಗ ಸಿಗುವುದು. ಆದರೆ ನಿಂತ ನೀರಿನ ಮೇಲೆ ವೇಗವಾಗಿ ಸಾಗುವಾಗ ಅಗಲವಾದ ಟೈರು ನೀರನ್ನು ಸರಿಸಲಾಗದೆ ತೇಲುವ ಸಂಭವ ಹೆಚ್ಚು. ಕರಾವಳಿ ಮತ್ತು ಮಲೆನಾಡಿನ ವಾಹನ ಸವಾರರು ಇದನ್ನು ವಿಶೇಷವಾಗಿ ಗಮನಿಸಬೇಕು.

8. ಯಾರಿಗೆ ಯಾವುದು ಸೂಕ್ತ

(ಅ) ಹೆಚ್ಚಾಗಿ ಹೆದ್ದಾರಿಯಲ್ಲಿ ದೂರ ಪ್ರಯಾಣ ಮಾಡುವವರು: ಆ ಮಾದರಿಯಲ್ಲಿ ಲಭ್ಯವಿರುವ ಅತ್ಯಂತ ಚಿಕ್ಕ ರಿಮ್, ಕಡಿಮೆ ಅಗಲದ ಟೈರು, ಕಿಂಡಿಗಳು ಕಡಿಮೆ ಇರುವ ಚಕ್ರ.

(ಆ) ಹಳ್ಳಿಗಾಡಿನ ರಸ್ತೆ, ಘಟ್ಟ ಪ್ರದೇಶ ಅಥವಾ ಗುಂಡಿಗಳು ಹೆಚ್ಚಿರುವ ರಸ್ತೆಗಳಲ್ಲಿ ಸಂಚರಿಸುವವರು: ಎತ್ತರದ ಸೈಡ್‌ವಾಲ್ ಇರುವ ಚಿಕ್ಕ ರಿಮ್.

(ಇ) ಮನೆಯಲ್ಲಿ ವೃದ್ಧರು, ಗರ್ಭಿಣಿಯರು ಅಥವಾ ಬೆನ್ನುನೋವಿನಿಂದ ಬಳಲುವವರು ಇರುವ ಕುಟುಂಬಗಳು: ಚಿಕ್ಕ ರಿಮ್‌ನ ಆವೃತ್ತಿಗೇ ಆದ್ಯತೆ. ಹಿಂದಿನ ಆಸನದಲ್ಲಿ ಅವರನ್ನೇ ಕೂರಿಸಿ ಪರೀಕ್ಷಾರ್ಥ ಚಾಲನೆ ಮಾಡಿಸುವುದು ಉತ್ತಮ.

(ಈ) ಬಾಡಿಗೆ ಕಾರಾಗಿ ಬಳಸುವವರು: ದಿನವಹಿ ಓಡಾಟ ಹೆಚ್ಚಿರುವುದರಿಂದ ವಿದ್ಯುತ್ ಉಳಿತಾಯ ಮತ್ತು ಟೈರಿನ ಬೆಲೆ ಎರಡೂ ಮುಖ್ಯ. ಚಿಕ್ಕ ಅಳತೆಯ ಟೈರು ಸಾಮಾನ್ಯವಾಗಿ ಅಗ್ಗ, ಸಣ್ಣ ಪಟ್ಟಣಗಳಲ್ಲೂ ಸುಲಭವಾಗಿ ದೊರೆಯುತ್ತದೆ.

(ಉ) ಉತ್ತಮ ರಸ್ತೆಗಳಿರುವ ನಗರದೊಳಗೆ ಮಾತ್ರ ದಿನಕ್ಕೆ 30-40 ಕಿ.ಮೀ. ಓಡಿಸಿ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡುವವರು: ದೂರದ ನಷ್ಟ ಇವರನ್ನು ಹೆಚ್ಚು ಬಾಧಿಸದು. ಸವಾರಿಯ ಗಡುಸುತನ ಒಪ್ಪಿಗೆಯಾದರೆ ದೊಡ್ಡ ರಿಮ್‌ಅನ್ನು ಆರಿಸಿಕೊಳ್ಳಬಹುದು.

9. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1) ಪ್ರತಿ ಆವೃತ್ತಿಯ ಟೈರಿನ ಪೂರ್ಣ ಅಳತೆಯನ್ನು ಬರೆದುಕೊಂಡು ಸೈಡ್‌ವಾಲ್‌ನ ಎತ್ತರವನ್ನು ಲೆಕ್ಕ ಹಾಕಿ ಹೋಲಿಸುವುದು.

2) ಪರೀಕ್ಷಾರ್ಥ ಚಾಲನೆಗೆ ನೀಡುವ ಕಾರು ತಾವು ಖರೀದಿಸಲಿರುವ ಆವೃತ್ತಿಯ ಚಕ್ರವನ್ನೇ ಹೊಂದಿದೆಯೇ ಎಂದು ನೋಡುವುದು. ಒಂದು ಆವೃತ್ತಿಯನ್ನು ಓಡಿಸಿ ನೋಡಿ ಇನ್ನೊಂದನ್ನು ಖರೀದಿಸಿದರೆ ಅನುಭವ ಬೇರೆಯಾಗುತ್ತದೆ.

3) ತಮ್ಮ ಮನೆಯ ಸುತ್ತಲಿನ ರಸ್ತೆಯಲ್ಲೇ, ರಸ್ತೆ ಉಬ್ಬುಗಳ ಮೇಲೆ ನಿಧಾನವಾಗಿಯೂ ಒರಟು ರಸ್ತೆಯಲ್ಲಿ ಸಾಧಾರಣ ವೇಗದಲ್ಲಿಯೂ ಓಡಿಸಿ ನೋಡುವುದು.

4) ಒಂದು ಟೈರಿನ ಬೆಲೆ ಮತ್ತು ಅದು ತಮ್ಮ ಊರಿನಲ್ಲಿ ದೊರೆಯುವುದೇ ಎಂಬುದನ್ನು ವಿಚಾರಿಸುವುದು.

5) ಸ್ಟೆಪ್ನಿ ಇದೆಯೇ, ಇಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು.

6) ಟೈರಿನ ಉರುಳು ಘರ್ಷಣೆಯ ಬಗ್ಗೆ ವಿಚಾರಿಸುವುದು. ಉರುಳು ಘರ್ಷಣೆ, ತೇವವಾದ ರಸ್ತೆಯ ಮೇಲಿನ ಹಿಡಿತ ಮತ್ತು ಶಬ್ದ ಈ ಮೂರಕ್ಕೂ ಎ.ಐ.ಎಸ್. 142 ಮಾನಕದ ಅನ್ವಯ ಮಿತಿಗಳನ್ನು ನಿಗದಿಪಡಿಸಿ ಕೇಂದ್ರ ಸರ್ಕಾರವು 2022ರಲ್ಲಿ ನಿಯಮಗಳಿಗೆ ತಿದ್ದುಪಡಿ ತಂದಿದೆ. ಇಂಧನ ದಕ್ಷತಾ ಬ್ಯೂರೋ ಟೈರುಗಳಿಗೂ ನಕ್ಷತ್ರ ಗುರುತಿನ ಯೋಜನೆಯನ್ನು ರೂಪಿಸಿದೆ. ಫ್ರಿಜ್‌ನ ಮೇಲೆ ನೋಡುವಂತೆಯೇ ಇಲ್ಲಿಯೂ ನಕ್ಷತ್ರಗಳು ಹೆಚ್ಚಿದ್ದಷ್ಟೂ ಇಂಧನದ ಉಳಿತಾಯ ಹೆಚ್ಚು.

10. ಖರೀದಿಯ ನಂತರ ಚಕ್ರ ಬದಲಾವಣೆ: ನಿಯಮಗಳು

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರಂತೆ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವ ರೀತಿಯಲ್ಲಿ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಇವೆರಡನ್ನೂ ವಿಧಿಸಬಹುದು.

ಆದುದರಿಂದ ಚಕ್ರ ಅಥವಾ ಟೈರನ್ನು ಬದಲಿಸುವವರು ತಯಾರಕರು ಆ ಮಾದರಿಗೆ ನಿಗದಿಪಡಿಸಿರುವ ಅಳತೆಗಳ ಒಳಗೇ ಇರತಕ್ಕದ್ದು. ಈ ಅಳತೆಗಳು ಮಾಲೀಕರ ಕೈಪಿಡಿಯಲ್ಲಿ ಮತ್ತು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಕಂಬಕ್ಕೆ ಅಂಟಿಸಿರುವ ಚೀಟಿಯಲ್ಲಿ ನಮೂದಾಗಿರುತ್ತವೆ. ಸಂದೇಹವಿದ್ದಲ್ಲಿ ಹಣ ವ್ಯಯಿಸುವ ಮೊದಲು ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಪರಿಹಾರವನ್ನು ಕೋರುವಾಗ ತೊಡಕಾಗಬಹುದು.

ಬದಲಿ ಟೈರು ಆರಿಸುವಾಗ ಅಳತೆಯ ನಂತರ ಬರುವ ಅಂಕಿ ಮತ್ತು ಅಕ್ಷರವನ್ನೂ ನೋಡತಕ್ಕದ್ದು. ಅಂಕಿಯು ಒಂದು ಟೈರು ಹೊರಬಲ್ಲ ಭಾರವನ್ನು ಸೂಚಿಸುತ್ತದೆ: 91 ಎಂದರೆ 615 ಕಿ.ಗ್ರಾಂ, 95 ಎಂದರೆ 690 ಕಿ.ಗ್ರಾಂ, 99 ಎಂದರೆ 775 ಕಿ.ಗ್ರಾಂ. ಅಕ್ಷರವು ಗರಿಷ್ಠ ವೇಗವನ್ನು ಸೂಚಿಸುತ್ತದೆ. ವಿದ್ಯುತ್ ಕಾರು ಭಾರವಾದುದರಿಂದ ಮೂಲ ಟೈರಿಗಿಂತ ಕಡಿಮೆ ಭಾರಸೂಚಿಯ ಟೈರನ್ನು ಎಂದಿಗೂ ಹಾಕಬಾರದು. ಅದೇ ಅಳತೆಯ ಪೆಟ್ರೋಲ್ ಕಾರಿನ ಟೈರು ಸಾಕೆಂದು ಅಂಗಡಿಯವರು ಹೇಳಿದರೂ ಈ ಅಂಕಿಯನ್ನು ತಾಳೆ ನೋಡದೆ ಒಪ್ಪಬಾರದು.

ಒಟ್ಟು ವ್ಯಾಸ ಬದಲಾದರೆ ವೇಗಮಾಪಕ ತಪ್ಪು ತೋರಿಸುತ್ತದೆ. ಉದಾಹರಣೆಗೆ, 215/60 ಆರ್ 16 ಇದ್ದ ಕಾರಿಗೆ 225/60 ಆರ್ 17 ಹಾಕಿದರೆ ವ್ಯಾಸ 664 ಮಿ.ಮೀ. ಇದ್ದದ್ದು 702 ಮಿ.ಮೀ. ಆಗುತ್ತದೆ. ಮೊದಲು ನಿಖರವಾಗಿದ್ದ ಮಾಪಕ 80 ತೋರಿಸುವಾಗ ಕಾರು ವಾಸ್ತವವಾಗಿ 84 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿರುತ್ತದೆ. ಕ್ರಮಿಸಿದ ದೂರದ ಲೆಕ್ಕವೂ ತಪ್ಪುತ್ತದೆ.

11. ಈಗಾಗಲೇ ಕಾರು ಹೊಂದಿರುವವರಿಗೆ ಸೂಚನೆಗಳು

ದೊಡ್ಡ ಚಕ್ರದ ಕಾರನ್ನು ಈಗಾಗಲೇ ಖರೀದಿಸಿರುವವರು ನಿರಾಶರಾಗಬೇಕಿಲ್ಲ. ಕೆಳಕಂಡ ಕ್ರಮಗಳಿಂದ ನಷ್ಟವನ್ನು ತಗ್ಗಿಸಬಹುದು.

1) ಕನಿಷ್ಠ ಹದಿನೈದು ದಿನಗಳಿಗೊಮ್ಮೆ, ಟೈರು ತಣ್ಣಗಿರುವಾಗ, ಗಾಳಿಯ ಒತ್ತಡವನ್ನು ಪರೀಕ್ಷಿಸಿ ಚೀಟಿಯಲ್ಲಿ ನಮೂದಿಸಿದಷ್ಟೇ ಇರಿಸಿಕೊಳ್ಳುವುದು.

2) ಚಕ್ರದ ಮೇಲಿನ ಗಾಳಿ ಹಾಯಿಸುವ ಮುಚ್ಚಳಗಳನ್ನು ಅಂದಕ್ಕಾಗಿ ತೆಗೆದುಹಾಕದಿರುವುದು.

3) ಟೈರು ಸವೆದಾಗ ಅದೇ ಅಳತೆಯಲ್ಲಿ ಕಡಿಮೆ ಉರುಳು ಘರ್ಷಣೆಯ ಟೈರನ್ನು ಆರಿಸಿಕೊಳ್ಳುವುದು.

4) ತಯಾರಕರು ಹೇಳಿದ ಅವಧಿಗೆ ಚಕ್ರಗಳನ್ನು ಹಿಂದು ಮುಂದಾಗಿ ಬದಲಿಸುವುದು, ಚಕ್ರ ಜೋಡಣೆಯನ್ನು ಸರಿಪಡಿಸಿಕೊಳ್ಳುವುದು. ವಿದ್ಯುತ್ ಮೋಟಾರು ಒಮ್ಮೆಲೇ ಬಲ ನೀಡುವುದರಿಂದ ಚಾಲನೆ ಪಡೆಯುವ ಚಕ್ರಗಳು ಬೇಗ ಸವೆಯುತ್ತವೆ.

5) ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 94ರಂತೆ ಕಾರಿನ ಟೈರಿನ ಗಾಡಿಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಗಾಡಿ ಸವೆದ ಟೈರು ಮಳೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ.

6) ಹೆದ್ದಾರಿಯಲ್ಲಿ ವೇಗವನ್ನು ಗಂಟೆಗೆ 100ರಿಂದ 80 ಕಿ.ಮೀ.ಗೆ ಇಳಿಸಿದರೆ ಗಾಳಿಯ ತಡೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. ಚಕ್ರದಿಂದ ಕಳೆದುಕೊಂಡ ದೂರವನ್ನು ಮರಳಿ ಪಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ದೊಡ್ಡ ರಿಮ್ ಇರುವ ಕಾರಿಗೆ ಚಿಕ್ಕ ರಿಮ್ ಹಾಕಿಸಬಹುದೇ?
ಉತ್ತರ: ತಯಾರಕರು ಅದೇ ಮಾದರಿಗೆ ಆ ಅಳತೆಯನ್ನು ನಿಗದಿಪಡಿಸಿದ್ದರೆ ಮಾತ್ರ ಪರಿಗಣಿಸಬಹುದು. ಕೆಲವು ಆವೃತ್ತಿಗಳ ಬ್ರೇಕ್‌ಗಳು ದೊಡ್ಡದಾಗಿದ್ದು ಚಿಕ್ಕ ರಿಮ್ ಅವುಗಳಿಗೆ ತಗಲುತ್ತದೆ. ಅಧಿಕೃತ ಸೇವಾ ಕೇಂದ್ರದಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಸೂಕ್ತ.

ಪ್ರಶ್ನೆ: ಹೊಸ ಟೈರು ಹಾಕಿಸಿದ ಮೇಲೆ ಕ್ರಮಿಸುವ ದೂರ ಕಡಿಮೆಯಾಗಿದೆ. ಬ್ಯಾಟರಿ ಕೆಟ್ಟಿದೆಯೇ?
ಉತ್ತರ: ಅಗತ್ಯವಾಗಿ ಹಾಗಲ್ಲ. ಹೊಸ ಟೈರಿನ ದಪ್ಪನಾದ ರಬ್ಬರು ಹೆಚ್ಚು ಬಾಗುವುದರಿಂದ ಸವೆದ ಟೈರಿಗಿಂತ ಅದರ ಉರುಳು ಘರ್ಷಣೆ ಹೆಚ್ಚು. ಟೈರಿನ ತಳಿ ಬದಲಾಗಿದ್ದರೆ ವ್ಯತ್ಯಾಸ ಇನ್ನೂ ಹೆಚ್ಚಿರಬಹುದು. ಮೊದಲು ಗಾಳಿಯ ಒತ್ತಡ ಮತ್ತು ಚಕ್ರ ಜೋಡಣೆಯನ್ನು ಪರೀಕ್ಷಿಸಿಕೊಳ್ಳುವುದು.

ಪ್ರಶ್ನೆ: ನಿಗದಿತ ಒತ್ತಡಕ್ಕಿಂತ ಹೆಚ್ಚು ಗಾಳಿ ತುಂಬಿದರೆ ದೂರ ಹೆಚ್ಚುವುದೇ?
ಉತ್ತರ: ಸ್ವಲ್ಪ ಹೆಚ್ಚಬಹುದು. ಆದರೆ ನೆಲಕ್ಕೆ ತಾಗುವ ಭಾಗ ಕಡಿಮೆಯಾಗಿ ಹಿಡಿತ ತಗ್ಗುತ್ತದೆ, ಟೈರಿನ ನಡುಭಾಗ ಬೇಗ ಸವೆಯುತ್ತದೆ, ಸವಾರಿ ಗಡುಸಾಗುತ್ತದೆ. ಇಂತಹ ಪ್ರಯೋಗ ಮಾಡಬಾರದು.

ಪ್ರಶ್ನೆ: ಚಿಕ್ಕ ಚಕ್ರ ಹೆಚ್ಚು ಬಾರಿ ತಿರುಗಬೇಕಾದ್ದರಿಂದ ಹೆಚ್ಚು ವಿದ್ಯುತ್ ಬಳಸುವುದಿಲ್ಲವೇ?
ಉತ್ತರ: ಇಲ್ಲ. ಈ ಮೊದಲೇ ತಿಳಿಸಿದಂತೆ ಚಿಕ್ಕದಾಗುವುದು ರಿಮ್ ಮಾತ್ರ. ಟೈರು ಸೇರಿದ ಒಟ್ಟು ವ್ಯಾಸ ಬಹುಮಟ್ಟಿಗೆ ಅಷ್ಟೇ ಇರುವುದರಿಂದ ತಿರುಗುವ ಸಂಖ್ಯೆಯೂ ಅಷ್ಟೇ.

13. ಸಾರಾಂಶ

ಕಾರಿನ ಭಾರವನ್ನು ಸುರಕ್ಷಿತವಾಗಿ ಹೊರುವ, ತಯಾರಕರು ನಿಗದಿಪಡಿಸಿದ ಅಳತೆಗಳಲ್ಲಿ ಅತ್ಯಂತ ಚಿಕ್ಕ ರಿಮ್ ಇರುವ ಆವೃತ್ತಿಯು ಬಹುಪಾಲು ಕುಟುಂಬಗಳಿಗೆ ಸುಖದ ದೃಷ್ಟಿಯಿಂದಲೂ ದೂರದ ದೃಷ್ಟಿಯಿಂದಲೂ ಲಾಭದಾಯಕ. ಇವೆರಡರ ಪೈಕಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾದ ಪ್ರಸಂಗ ಇಲ್ಲಿ ಸಾಮಾನ್ಯವಾಗಿ ಉದ್ಭವಿಸುವುದಿಲ್ಲ. ದೊಡ್ಡ ಚಕ್ರವನ್ನು ಆರಿಸಿಕೊಳ್ಳುವವರು ಅದರಿಂದ ತಾವು ಕಳೆದುಕೊಳ್ಳುವುದೇನೆಂಬುದನ್ನು ತಿಳಿದು ಆರಿಸಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.

ವಿಶೇಷ ಸೂಚನೆ: ಈ ಪುಟದಲ್ಲಿ ಹೆಸರಿಸಲಾದ ವಾಹನಗಳನ್ನು ವಿವರಣೆಯ ಉದ್ದೇಶಕ್ಕಾಗಿ ಮಾತ್ರ ಉಲ್ಲೇಖಿಸಲಾಗಿದೆ. ಇದನ್ನು ಯಾವುದೇ ಉತ್ಪನ್ನದ ಶಿಫಾರಸು ಎಂದು ಭಾವಿಸಬಾರದು. ತಯಾರಕರು ಆವೃತ್ತಿಗಳನ್ನು ಆಗಾಗ ಬದಲಿಸುವುದರಿಂದ, ಖರೀದಿಯ ಸಮಯದಲ್ಲಿ ವಾಹನದ ಮೇಲಿರುವ ಅಳತೆಯನ್ನು ಖುದ್ದಾಗಿ ಪರಿಶೀಲಿಸಿಕೊಳ್ಳುವುದು.